ಟೇಬಲ್ಲಿಗೊಬ್ಬ ಶಾನುಭೋಗ

ಚೆನ್ನೈನ ಐಟಿ ಕಚೇರಿಗಳಿಗೆ ಹೊಸದಾಗಿ ಸೇರಿರುವ ಕನ್ನಡದ ಪ್ರೋಗ್ರಾಮರುಗಳಿಗೆ ಒಂದು ಬಹಿರಂಗ ಪತ್ರ



ಬೆಂಗಳೂರಿನಿಂದ ರೈಲು ಹತ್ತಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದವರ ಮೊಬೈಲಿನಲ್ಲೆಲ್ಲ ಹತ್ತು ಅಂಕೆಯ ಒಂದು ಪಿಎನ್‌ಆರ್ ಇರುತ್ತದೆ. ಪ್ಯಾಸೆಂಜರ್ ನೇಮ್ ರೆಕಾರ್ಡ್ ಎಂಬುದರ ಮೊಟಕು ರೂಪ ಅದು. ಆ ನಂಬರಿನ ಬೆನ್ನಿಗೆ ಹೆಸರು, ವಯಸ್ಸು, ರೈಲು, ಬೋಗಿ, ಬರ್ತ್ ಎಲ್ಲವೂ ಸಾಲಾಗಿ ಕೂತಿವೆ. ವೇಟಿಂಗ್ ಲಿಸ್ಟಿನಲ್ಲಿದ್ದವರು ಆರ್‌ಎಸಿಗೆ ಬರಬಹುದು, ಆರ್‌ಎಸಿಯವರು ಕನ್ಫರ್ಮ್ ಆಗಬಹುದು. ಕ್ಯಾನ್ಸಲ್ ಮಾಡಿಸಿದ ಟಿಕೆಟ್ ಮಾತ್ರ ಎದ್ದು ಬಂದು ಮತ್ತೆ ಕನ್ಫರ್ಮ್ ಆಗುವಂತಿಲ್ಲ. ಡೇಟಾಬೇಸಿನ ಒಂದು ಸಾಲಿಗೆ ಈ ಕಟ್ಟುಪಾಡು ತಾನಾಗಿ ಗೊತ್ತಿರುವುದಿಲ್ಲ. ಅದಕ್ಕೆ ಯಾರಾದರೂ ಕಾವಲು ಕೂರಬೇಕು.

ಆ ಕಾವಲು ಕೂರಿಸುವ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ. ತರಮಣಿಯ ಟೈಡೆಲ್ ಪಾರ್ಕಿನಿಂದ ಶೋಲಿಂಗನಲ್ಲೂರು ದಾಟಿ ಸಿರುಸೇರಿಯವರೆಗೆ ಹಬ್ಬಿರುವ ಹಳೇ ಮಹಾಬಲಿಪುರಂ ರಸ್ತೆಗೆ ಸರ್ಕಾರಿ ಹೆಸರು ರಾಜೀವ್ ಗಾಂಧಿ ಸಾಲೈ. ತಮಿಳಿನಲ್ಲಿ ಸಾಲೈ ಎಂದರೆ ರಸ್ತೆ. ಆದರೆ ಈ ರಸ್ತೆಯ ಗಾಜಿನ ಕಟ್ಟಡಗಳೊಳಗೆ ಹಗಲೂ ರಾತ್ರಿ ನಡೆಯುವುದು ಕನ್ನಡದ ಅರ್ಥದ ಸಾಲಿನ ಕೆಲಸ: ಸಾಲು ಸೇರಿಸು, ಸಾಲು ತಿದ್ದು, ಸಾಲು ಹುಡುಕು, ಸಾಲು ಅಳಿಸು.

ಹೊಸಬರಿಗೆ ಮೊದಲ ವಾರ ಸಿಗುವ ಕೆಲಸವೂ ಹೆಚ್ಚುಕಡಿಮೆ ಒಂದೇ. ಟೀಮ್ ಲೀಡ್ ಕುರ್ಚಿ ಹತ್ತಿರ ಎಳೆದುಕೊಂಡು, ‘ಈ ಟೇಬಲ್ಲಿಗೆ ಒಂದು ಕ್ಲಾಸ್ ಬರೆದುಬಿಡು ಪಾ’ ಅನ್ನುತ್ತಾರೆ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ಬರೆದದ್ದು ಮುಂದೆ ಐದಾರು ವರ್ಷ ಬೆನ್ನು ಬಿಡುವುದಿಲ್ಲ. ಈ ಪತ್ರ ಅದರ ಬಗ್ಗೆ.

ಟೇಬಲ್ ಮತ್ತು ಕ್ಲಾಸ್ ಬೇರೆ ಬೇರೆ ಮನೆತನದವು. ಕ್ಲಾಸ್ ಹುಟ್ಟಿದ್ದು ನಾರ್ವೆಯಲ್ಲಿ, ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೀಗಾರ್ಡ್ ಕಟ್ಟಿದ ಸಿಮ್ಯುಲಾ 67 ಎಂಬ ಭಾಷೆಯಲ್ಲಿ. ಒಂದು ವಸ್ತುವಿನ ಮಾಹಿತಿಯನ್ನೂ ಅದರ ನಡವಳಿಕೆಯನ್ನೂ ಒಂದೇ ಕಡೆ ಕಟ್ಟಿಡುವುದು ಅಲ್ಲಿನ ಸಂಪ್ರದಾಯ. ಟೇಬಲ್ಲಿನ ಮೂಲಪುರುಷ ಐಬಿಎಂನ ಎಡ್ಗರ್ ಕಾಡ್. 1970ರ ಒಂದು ಪ್ರಬಂಧದಲ್ಲಿ ಆತ, ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಸರಳ ಸಂಬಂಧಗಳಾಗಿ ಇಡಬೇಕು, ಅದು ಒಳಗೆ ಎಲ್ಲಿ ಹೇಗೆ ಕೂತಿದೆ ಎಂಬ ಉಸಾಬರಿ ಬಳಸುವವನಿಗೆ ಇರಬಾರದು ಎಂದು ವಾದಿಸಿದ. ಈ ಎರಡು ಮನೆತನಗಳ ನಡುವೆ ಬೀಗತನ ಕುದುರಿಸಲು ಪ್ರೋಗ್ರಾಮರುಗಳು ಹಲವು ವರ್ಷ ಓಡಾಡಿದರು. 2002ರಲ್ಲಿ ಮಾರ್ಟಿನ್ ಫೌಲರ್ ತನ್ನ ಪುಸ್ತಕದಲ್ಲಿ ಅಂಥ ಸಂಬಂಧಗಳನ್ನೆಲ್ಲ ಪಟ್ಟಿ ಮಾಡಿ ಒಂದಕ್ಕೆ ‘ಆ್ಯಕ್ಟಿವ್ ರೆಕಾರ್ಡ್’ ಎಂದು ಹೆಸರಿಟ್ಟ. ಒಂದು ಟೇಬಲ್ಲಿಗೆ ಒಂದು ಕ್ಲಾಸ್, ಒಂದು ಸಾಲಿಗೆ ಒಂದು ಆಬ್ಜೆಕ್ಟ್. ತನ್ನನ್ನು ತಾನು ಉಳಿಸಿಕೊಳ್ಳುವುದು, ತಿದ್ದಿಕೊಳ್ಳುವುದು, ಅಳಿಸಿಕೊಳ್ಳುವುದು ಆ ಆಬ್ಜೆಕ್ಟಿಗೇ ಗೊತ್ತು. ಎರಡು ವರ್ಷದ ನಂತರ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಹೊರತಂದ ರೂಬಿ ಆನ್ ರೈಲ್ಸ್ ಇದನ್ನೇ ತನ್ನ ಬೆನ್ನೆಲುಬು ಮಾಡಿಕೊಂಡಿತು. 2005ರಲ್ಲಿ ಪೈಥಾನಿನ ಜಾಂಗೋ, 2011ರಲ್ಲಿ ಪಿಎಚ್‌ಪಿಯ ಲಾರವೆಲ್ ಅದೇ ದಾರಿ ಹಿಡಿದವು.

ಇದನ್ನು ಕನ್ನಡದ ನೆಲದಲ್ಲಿ ಅರ್ಥ ಮಾಡಿಕೊಳ್ಳಲು ಶಾನುಭೋಗರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಊರಿನ ಲೆಕ್ಕದ ಕಡತ ಒಂದೇ, ಅದರಲ್ಲಿ ಬರೆಯುವ ಕೈಯೂ ಒಂದೇ. ಜಮೀನು ಮಾರಿದವರು, ಕೊಂಡವರು, ಪಾಲು ಮಾಡಿಕೊಂಡವರು ಎಲ್ಲರೂ ಶಾನುಭೋಗರ ಜಗಲಿಗೆ ಬರಬೇಕು. ಕಡತದ ರೀತಿನೀತಿ ಅವರಿಗೆ ಗೊತ್ತು; ಸರ್ವೆ ನಂಬರ್ ಇಲ್ಲದ ಜಮೀನನ್ನು ಅವರು ಬರೆದುಕೊಳ್ಳುವುದಿಲ್ಲ. ಒಳ್ಳೆಯ ಕ್ಲಾಸ್ ಇಂಥ ಶಾನುಭೋಗ. ಟೇಬಲ್ ಅದರ ಕಡತ. ಪ್ರೋಗ್ರಾಮಿನ ಹತ್ತು ಮೂಲೆಗಳಿಂದ ಹತ್ತು ಜನ ನೇರವಾಗಿ ಟೇಬಲ್ಲಿಗೆ ಕೈ ಹಾಕುವ ಬದಲು ಎಲ್ಲರೂ ಕ್ಲಾಸಿನ ಮುಂದೆ ನಿಂತು ಕೇಳುತ್ತಾರೆ. ನಿಯಮ ಬದಲಾದರೆ ತಿದ್ದಬೇಕಾದ್ದು ಒಂದೇ ಜಾಗದಲ್ಲಿ.

ಒಂದೇ ಕೈಯಲ್ಲಿ ಕಡತ ಇದ್ದರೆ ಏನಾಗುತ್ತದೆ ಎಂಬುದೂ ಊರಿನವರಿಗೆ ಗೊತ್ತು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ಕೊನೆಗೊಳಿಸಿತು. ಅವರ ಜಾಗಕ್ಕೆ ಗ್ರಾಮಲೆಕ್ಕಿಗರು ಬಂದರು. ಕೈ ಬದಲಾಯಿತು, ಕಡತ ಮಾತ್ರ ಒಬ್ಬರ ಬಗಲಲ್ಲೇ ಉಳಿಯಿತು. ಸುಮಾರು 2000ದ ಹೊತ್ತಿಗೆ ಕರ್ನಾಟಕದ ಕಂದಾಯ ಇಲಾಖೆ ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿ ಜೊತೆ ಸೇರಿ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿ ಎರಡು ಕಟ್ಟುಪಾಡು ಗಮನಿಸಬೇಕು. ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು, ಅಂದರೆ ತಿದ್ದಿದವರು ಯಾರು ಎಂಬುದಕ್ಕೆ ಗುರುತು ಉಳಿಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕಿತ್ತು. ಪರಿಚಯದವರ ಅರ್ಜಿಯನ್ನು ಮೇಲಕ್ಕೆ ಎತ್ತಿಡಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ನಿಯಮ ಮನುಷ್ಯನ ನಾಲಿಗೆಯಿಂದ ಇಳಿದು ವ್ಯವಸ್ಥೆಯೊಳಗೆ ಹೋಯಿತು. ಕ್ಲಾಸ್ ಬರೆಯುವವರು ಮಾಡಬೇಕಾದ್ದೂ ಇದನ್ನೇ.

ಚೆನ್ನೈನಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯೂ ಇದೆ. ಗಿರೀಶ್ ಮಾತೃಭೂತಂ ಮತ್ತು ಶಾನ್ ಕೃಷ್ಣಸ್ವಾಮಿ 2010ರಲ್ಲಿ ಇಲ್ಲಿ ಶುರು ಮಾಡಿದ ಫ್ರೆಶ್‌ಡೆಸ್ಕ್ ಗ್ರಾಹಕರ ದೂರುಗಳನ್ನು ಸಂಭಾಳಿಸುವ ಸಾಫ್ಟ್‌ವೇರ್. ಕಂಪನಿಯ ಹೆಸರು 2017ರಲ್ಲಿ ಫ್ರೆಶ್‌ವರ್ಕ್ಸ್ ಆಯಿತು, 2021ರ ಸೆಪ್ಟೆಂಬರಿನಲ್ಲಿ ಅದರ ಷೇರು ಅಮೆರಿಕದ ನಾಸ್ಡಾಕ್ ಪೇಟೆಗೆ ಬಂತು. ಫ್ರೆಶ್‌ಡೆಸ್ಕ್ ಎದ್ದು ನಿಂತದ್ದು ರೂಬಿ ಆನ್ ರೈಲ್ಸ್ ಮತ್ತು ಮೈಎಸ್‌ಕ್ಯೂಎಲ್ ಮೇಲೆ. ಹೊರಗಿನ ಪ್ರೋಗ್ರಾಮುಗಳಿಗಾಗಿ ಅದು ತೆರೆದಿಟ್ಟಿರುವ ಎಪಿಐ ನೋಡಿದರೆ ಟಿಕೆಟ್ಟಿನ ಸ್ಥಿತಿ ಬರಿಯ ಅಂಕೆ: 2 ಎಂದರೆ ಓಪನ್, 3 ಪೆಂಡಿಂಗ್, 4 ರಿಸಾಲ್ವ್ಡ್, 5 ಕ್ಲೋಸ್ಡ್. ಅಂಕೆಗೆ ತನ್ನದೇ ಅರ್ಥವಿಲ್ಲ. ಅರ್ಥ ಕೊಡುವ ಜಾಗ ಕ್ಲಾಸ್. ಕೋಡಿನ ನಲವತ್ತು ಕಡೆ ‘ಸ್ಥಿತಿ 4 ಆಗಿದ್ದರೆ’ ಎಂದು ಬರೆದವನಿಗೂ, ಕ್ಲಾಸಿನಲ್ಲಿ ಒಂದು ಸಲ ಹೆಸರು ಕೊಟ್ಟು ‘ಇದು ಬಗೆಹರಿದಿದೆಯೇ’ ಎಂದು ಕೇಳುವವನಿಗೂ ಇರುವ ವ್ಯತ್ಯಾಸ, ನಾಳೆ 6 ಎಂಬ ಹೊಸ ಸ್ಥಿತಿಯೊಂದು ಬಂದ ದಿನ ಕಾಣುತ್ತದೆ.

ಆ ಸಾಫ್ಟ್‌ವೇರಿನ ಗಿರಾಕಿಗಳು ಬೆಳೆದ ಹಾಗೆ ಒಂದೇ ಡೇಟಾಬೇಸ್ ಸಾಲದಾಯಿತು. ಗ್ರಾಹಕರ ಖಾತೆಗಳ ಪ್ರಕಾರ ಅದನ್ನು ಹಲವು ತುಂಡುಗಳಾಗಿ ಹಂಚಿದರು. ಇಂಥ ಹೊತ್ತಿನಲ್ಲಿ ಎಲ್ಲ ಓದುಬರಹ ಕ್ಲಾಸಿನ ಮೂಲಕವೇ ನಡೆದಿದ್ದರೆ, ಯಾವ ತುಂಡಿಗೆ ಹೋಗಬೇಕೆಂಬ ತೀರ್ಮಾನವನ್ನು ಬಾಗಿಲಲ್ಲೇ ಮಾಡಬಹುದು.

ಇನ್ನು ಟೇಬಲ್ಲಿಗೆ ಯಾವ ಕಾಲಂಗಳು ಬೇಕು? ಈ ಪ್ರಶ್ನೆಯನ್ನು ಕಂಪ್ಯೂಟರು ಬರುವ ಮೊದಲೇ ಈ ಊರಿನಲ್ಲಿ ಒಬ್ಬರು ಆಳವಾಗಿ ಕೇಳಿಕೊಂಡಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಪಾಠ ಹೇಳುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡರು. ಅವೇ ಪಟ್ಟಿ, ಅವೇ ಬೋಲ್ಟುಗಳಿಂದ ಬೇರೆ ಬೇರೆ ಆಕೃತಿಗಳು ಆಗುತ್ತಿದ್ದವು. ಪುಸ್ತಕದ ವಿಷಯವನ್ನೂ ಹೀಗೆ ಬಿಡಿ ಭಾಗಗಳಿಂದ ಜೋಡಿಸಬಹುದೆಂದು ಹೊಳೆದದ್ದು ಆಗ. 1933ರಲ್ಲಿ ಅವರ ಕೋಲನ್ ವರ್ಗೀಕರಣ ಮದ್ರಾಸಿನಿಂದಲೇ ಪ್ರಕಟವಾಯಿತು. ಅದರಲ್ಲಿ ಎಲ್ ಎಂದರೆ ವೈದ್ಯಕೀಯ, 45 ಎಂದರೆ ಶ್ವಾಸಕೋಶ, 421 ಎಂದರೆ ಕ್ಷಯ, 44 ಎಂದರೆ ಭಾರತ. ಇವನ್ನು ಚಿಹ್ನೆಗಳಿಂದ ಪೋಣಿಸಿದರೆ ಭಾರತದಲ್ಲಿ ಶ್ವಾಸಕೋಶದ ಕ್ಷಯದ ಬಗ್ಗೆ ಇರುವ ಪುಸ್ತಕಕ್ಕೆ ಕಪಾಟಿನಲ್ಲಿ ಜಾಗ ಸಿಕ್ಕಿತು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಆ್ಯಂಡ್ ಟ್ರೈನಿಂಗ್ ಸೆಂಟರ್ ಶುರು ಮಾಡಿದವರೂ ಅವರೇ. ವಸ್ತುವಿಗೆ ಎಷ್ಟು ಮುಖಗಳಿವೆ ಎಂದು ಮೊದಲು ಕೇಳು, ಆಮೇಲೆ ಗೆರೆ ಎಳೆ ಎಂಬುದು ಅವರ ಕ್ರಮ.

ಈ ಕ್ರಮ ಮರೆತರೆ ಆಗುವ ಫಜೀತಿ ನೋಡಲು ರಂಗನಾಥನ್ ಅವರ ಹೆಸರೇ ಸಾಕು. ಶಿಯಾಳಿ ರಾಮಾಮೃತ ರಂಗನಾಥನ್: ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ಡಿವಿಜಿಯವರದೂ ಇದೇ ಜೋಡಣೆ. ದೇವನಹಳ್ಳಿ ಊರು, ವೆಂಕಟರಮಣಯ್ಯ ತಂದೆ, ಗುಂಡಪ್ಪ ಹೆಸರು. ಧಾರವಾಡದ ಕಡೆ ಹೋದರೆ ಕ್ರಮ ತಿರುಗುತ್ತದೆ. ಭೀಮಸೇನ ಗುರುರಾಜ ಜೋಶಿ ಎಂಬಲ್ಲಿ ಸ್ವಂತ ಹೆಸರು ಮೊದಲು, ತಂದೆ ನಡುವೆ, ಮನೆತನ ಕೊನೆಗೆ. ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂದು ಎರಡೇ ಕಾಲಂ ಇಟ್ಟು, ಎರಡನ್ನೂ ಕಡ್ಡಾಯ ಮಾಡಿದ ಟೇಬಲ್ಲಿನಲ್ಲಿ ಅಪ್ಪನ ಹೆಸರು ಮಗನ ಹೆಸರಾಗುತ್ತದೆ, ಇನಿಷಿಯಲ್ ಒಂದೇ ಇರುವ ತಮಿಳಿನವರು ಲಾಸ್ಟ್ ನೇಮ್ ಜಾಗದಲ್ಲಿ ಒಂದು ಚುಕ್ಕೆ ಒತ್ತಿ ಪಾರಾಗುತ್ತಾರೆ. ಪೂರ್ಣ ಹೆಸರಿಗೆ ಒಂದು ಕಾಲಂ, ಕರೆಯುವ ಹೆಸರಿಗೆ ಇನ್ನೊಂದು ಇಟ್ಟು, ಪತ್ರದ ಮೇಲೆ ಹೇಗೆ ಬರೆಯಬೇಕೆಂಬ ಜವಾಬ್ದಾರಿಯನ್ನು ಕ್ಲಾಸಿನ ಒಂದು ಮೆಥಡ್‌ಗೆ ಬಿಟ್ಟರೆ ಈ ಜಂಜಾಟವಿಲ್ಲ.

ಹೆಸರಿನ ಮಾತು ಬಂದ ಮೇಲೆ ಒಂದು ದಾಖಲೆಯನ್ನು ಹತ್ತಿರದಿಂದ ನೋಡಬಹುದು. ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ, 1954ರ ‘ಬೇಡರ ಕಣ್ಣಪ್ಪ’ದಿಂದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಅವರು ರಾಜ್‌ಕುಮಾರ್ ಆದರು. ವ್ಯಕ್ತಿ ಒಬ್ಬರೇ, ಹೆಸರು ಎರಡು. ಅದಕ್ಕೊಂದು ಕಾಲಂ ಬೇಕೇ ಬೇಕು. ತಮಾಷೆ ಇರುವುದು ಆಮೇಲೆ. ‘ರಾಜ್‌ಕುಮಾರ್’ ಎಂದು ಸರಿಯಾಗಿ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರ ಇರಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. ಕಕಾರ ಒತ್ತಾಗಿ ಜಕಾರದ ಕೆಳಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅದು ಬಿಟ್ಟುಹೋದರೆ ‘ರಾಜ್ಕುಮಾರ್’ ಆಗುತ್ತದೆ. ಓದುವವರಿಗೆ ಇಬ್ಬರೂ ಒಂದೇ. ಕಂಪ್ಯೂಟರಿನ ಲೆಕ್ಕದಲ್ಲಿ ಮೊದಲನೆಯದು 11 ಚಿಹ್ನೆ, ಯುಟಿಎಫ್-8ರಲ್ಲಿ 33 ಬೈಟ್; ಎರಡನೆಯದು 10 ಚಿಹ್ನೆ, 30 ಬೈಟ್. ಪ್ರೋಗ್ರಾಮಿನಲ್ಲಿ ಎರಡನ್ನೂ ಹೋಲಿಸಿದರೆ ‘ಬೇರೆ ಬೇರೆ’ ಎಂಬ ಉತ್ತರವೇ ಬರುವುದು. ಒರಾಕಲ್‌ನಲ್ಲಿ ಕಾಲಂನ ಉದ್ದ 30 ಎಂದು ಬರೆದರೆ, ಬೇರೆ ಏನೂ ಹೇಳದಿದ್ದಾಗ, ಅದು ಬೈಟಿನ ಲೆಕ್ಕ. ಅಲ್ಲಿಗೆ ತಪ್ಪು ರಾಜ್ಕುಮಾರ್ ಒಳಗೆ ಬರುತ್ತಾರೆ, ಸರಿಯಾದ ರಾಜ್‌ಕುಮಾರ್ ಬಾಗಿಲಲ್ಲೇ ನಿಲ್ಲುತ್ತಾರೆ.

ಏತ್ವದ ಕಥೆಯೂ ಹೀಗೇ. ‘ಪ್ರೇಮಾ’ ಎಂಬಲ್ಲಿನ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಇಂಥವನ್ನು ಸರಿಪಡಿಸಲು ಕ್ಲಾಸಿಗಿಂತ ಒಳ್ಳೆಯ ಜಾಗವಿಲ್ಲ. ಸೇವ್ ಆಗುವ ಮುನ್ನ ಹೆಸರನ್ನು ಒಂದೇ ರೂಪಕ್ಕೆ ತಂದು, ತೋರಿಸಲು ಒಂದು, ಕಾಣದ ಅಕ್ಷರ ತೆಗೆದು ಹುಡುಕಲು ಇನ್ನೊಂದು, ಹೀಗೆ ಎರಡು ಕಾಲಂ ತುಂಬಿಸಿದರೆ ಆಯಿತು. ನಾಲ್ಕೈದು ಸಾಲಿನ ಕೋಡು. ಇದನ್ನು ಬರೆಯಬೇಕೆಂದು ಅಮೆರಿಕದಲ್ಲಿ ಕೂತವರಿಗೆ ಹೊಳೆಯುವುದಿಲ್ಲ, ನಿಮಗೆ ಹೊಳೆಯಬೇಕು.

ರೈಲ್ಸ್‌ನ ಇಂಗ್ಲಿಷ್ ಅಭಿಮಾನಕ್ಕೂ ಒಂದು ಉದಾಹರಣೆ ಇದೆ. ಕ್ಲಾಸಿನ ಹೆಸರು ಏಕವಚನ, ಟೇಬಲ್ಲಿನ ಹೆಸರು ಅದರ ಬಹುವಚನ ಎಂಬುದು ಅಲ್ಲಿನ ಪದ್ಧತಿ. ಪರ್ಸನ್ ಎಂಬ ಕ್ಲಾಸಿಗೆ ಅದು ತಾನೇ ಪೀಪಲ್ ಎಂಬ ಟೇಬಲ್ ಹುಡುಕುತ್ತದೆ. ಇಡ್ಲಿ ಎಂದು ಕ್ಲಾಸ್ ಬರೆದರೆ ‘ಇಡ್ಲಿಸ್’ ಎಂಬ ಟೇಬಲ್ಲಿಗಾಗಿ ತಡಕಾಡುತ್ತದೆ! ಬೇಕಾದ ಹೆಸರನ್ನು ಹೇಳಿಕೊಡಲು ದಾರಿ ಇದೆ, ಒಂದೇ ಸಾಲು ಸಾಕು.

ಇಷ್ಟು ಶಾನುಭೋಗರ ಗುಣಗಾನ. ಅವರನ್ನು ನಂಬಿ ಕಡತ ನೋಡುವುದನ್ನೇ ಬಿಟ್ಟವರ ಪಾಡು ಇನ್ನು ಮುಂದಿದೆ.

ಚೆನ್ನೈಗೆ ಉಡುಪಿ ಹೋಟೆಲಿನ ರುಚಿ ಹತ್ತಿಸಿದವರಲ್ಲಿ ವುಡ್‌ಲ್ಯಾಂಡ್ಸ್‌ನ ಕೆ. ಕೃಷ್ಣರಾಯರು ಪ್ರಮುಖರು. ಅಂಥ ಹೋಟೆಲಿನ ಸಪ್ಲೈಯರ್ ಎಂಟು ಜನರ ಆರ್ಡರನ್ನು ಒಂದೇ ಸಲ ಕೇಳಿಕೊಂಡು, ತಟ್ಟೆಗಳನ್ನು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುತ್ತಾರೆ. ಒಂದೊಂದು ಇಡ್ಲಿಗೂ ಅಡುಗೆಮನೆಗೆ ಹೋಗಿಬರುವವರನ್ನು ಯಾವ ಮಾಲೀಕರೂ ಇಟ್ಟುಕೊಳ್ಳುವುದಿಲ್ಲ. ಕ್ಲಾಸುಗಳು ಮಾತ್ರ ಹಾಗೆ ಹೋಗಿಬರುತ್ತವೆ, ಯಾರ ಕಣ್ಣಿಗೂ ಬೀಳದಂತೆ. ಒಂದು ಸಂಘದಲ್ಲಿ 500 ಸದಸ್ಯರಿದ್ದಾರೆ ಎಂದುಕೊಳ್ಳಿ. ಸದಸ್ಯರ ಪಟ್ಟಿ ತೆಗೆದು, ಒಬ್ಬೊಬ್ಬರ ಮುಂದೆ ಅವರ ಚಂದಾ ತೋರಿಸುವ ಮೂರು ಸಾಲಿನ ಕೋಡು ನೋಡಲು ಮುದ್ದಾಗಿರುತ್ತದೆ. ಅದರ ಹಿಂದೆ ಪಟ್ಟಿಗೆ ಒಂದು, ಒಬ್ಬೊಬ್ಬರ ಚಂದಾಕ್ಕೆ ಒಂದೊಂದು, ಒಟ್ಟು 501 ಕ್ವೆರಿಗಳು ಓಡುತ್ತಿರುತ್ತವೆ. ‘ಎನ್ ಪ್ಲಸ್ ಒನ್’ ಎಂದು ಇದಕ್ಕೆ ಹೆಸರು. ಚಂದಾವನ್ನೂ ಜೊತೆಗೇ ತಾ ಎಂದು ಮೊದಲೇ ಹೇಳಿದರೆ ಎರಡು ಕ್ವೆರಿಯಲ್ಲಿ ಮುಗಿಯುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಐದು ಜನ ಸದಸ್ಯರಿದ್ದಾಗ ಇದು ಗೊತ್ತೇ ಆಗುವುದಿಲ್ಲ.

ಎರಡನೆಯ ಅಪಾಯ ತತ್ಕಾಲ್ ಬುಕಿಂಗ್ ಮಾಡಿದವರಿಗೆಲ್ಲ ಪರಿಚಿತ. ಬೆಳಿಗ್ಗೆ 10ಕ್ಕೆ ಎಸಿ ಬೋಗಿಯ ತತ್ಕಾಲ್ ತೆರೆದ ಕ್ಷಣ ಸಾವಿರಾರು ಜನ ಒಟ್ಟಿಗೆ ಬಟನ್ ಒತ್ತುತ್ತಾರೆ. ಈಗ ಕ್ಲಾಸಿನಲ್ಲಿ ‘ಈ ಮೊಬೈಲ್ ನಂಬರ್ ಮೊದಲೇ ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಬರೆದ ನಿಯಮವನ್ನು ನೆನೆಯಿರಿ. ಇಬ್ಬರು ಒಂದೇ ಕ್ಷಣ ಬಂದರೆ ಇಬ್ಬರಿಗೂ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ, ಇಬ್ಬರೂ ಒಳಗೆ ಸೇರುತ್ತಾರೆ. ಕ್ಲಾಸಿನ ಈ ಪರೀಕ್ಷೆಯೊಂದನ್ನೇ ನಂಬಬೇಡಿ, ಡೇಟಾಬೇಸಿನಲ್ಲೇ ಯುನೀಕ್ ಇಂಡೆಕ್ಸ್ ಹಾಕಿ ಎಂದು ರೈಲ್ಸ್‌ನ ಸ್ವಂತ ಕೈಪಿಡಿಯೇ ಎಚ್ಚರಿಸುತ್ತದೆ. ಇಬ್ಬರು ಒಂದೇ ದಾಖಲೆ ತೆರೆದು ತಿದ್ದುವಾಗ ಕೊನೆಗೆ ಸೇವ್ ಮಾಡಿದವರದೇ ಉಳಿಯುವ ತೊಂದರೆಗೂ ಮದ್ದು ಟೇಬಲ್ಲಿನಲ್ಲಿದೆ: ‘ಲಾಕ್ ವರ್ಷನ್’ ಎಂಬ ಒಂದು ಕಾಲಂ ಸೇರಿಸಿದರೆ, ಹಳೆಯ ಪ್ರತಿ ಹಿಡಿದುಬಂದವರನ್ನು ರೈಲ್ಸ್ ವಾಪಸು ಕಳಿಸುತ್ತದೆ.

ಮೂರನೆಯದು ಅತಿ ನಂಬಿಕೆ. ಫಾರ್ಮಿನಲ್ಲಿ ಬಂದದ್ದನ್ನೆಲ್ಲ ಹಾಗೇ ಎತ್ತಿ ಆಬ್ಜೆಕ್ಟಿಗೆ ತುಂಬುವ ಸೌಲಭ್ಯ ಮೊದಮೊದಲ ರೈಲ್ಸ್‌ನಲ್ಲಿ ಸಲೀಸಾಗಿತ್ತು. ಫಾರ್ಮಿನಲ್ಲಿ ಇಲ್ಲದ ಕಾಲಂನ ಹೆಸರನ್ನು ಕಳಿಸಿದರೂ ಕ್ಲಾಸ್ ತುಟಿಪಿಟಕ್ಕೆನ್ನದೆ ಬರೆದುಕೊಳ್ಳುತ್ತಿತ್ತು. 2012ರ ಮಾರ್ಚಿನಲ್ಲಿ ರಷ್ಯಾದ ಒಬ್ಬ ಯುವಕ ಇದೇ ಕಂಡಿಯಿಂದ, ರೈಲ್ಸ್‌ನಲ್ಲೇ ಕಟ್ಟಿದ್ದ ಗಿಟ್‌ಹಬ್ಬಿಗೆ ನುಗ್ಗಿ, ರೈಲ್ಸ್ ತಂಡದ ಖಾತೆಗೇ ತನ್ನ ಕೀಲಿಯನ್ನು ಸೇರಿಸಿ ತೋರಿಸಿದ. ಮರುವರ್ಷ ಬಂದ ರೈಲ್ಸ್ 4ರಲ್ಲಿ, ಯಾವ ಕಾಲಂಗಳನ್ನು ಹೊರಗಿನಿಂದ ತುಂಬಬಹುದೆಂದು ಪ್ರೋಗ್ರಾಮರ್ ಬಾಯಿಬಿಟ್ಟು ಹೇಳಲೇಬೇಕಾಯಿತು.

ಹಿಂಬಾಗಿಲೂ ಇವೆ. ಒಂದೊಂದೇ ಸಾಲನ್ನು ತಿದ್ದುವಾಗ ಕ್ಲಾಸ್ ತನ್ನ ನಿಯಮಗಳನ್ನೆಲ್ಲ ನೋಡುತ್ತದೆ. ಸಾವಿರ ಸಾಲನ್ನು ಒಟ್ಟಿಗೆ ತಿದ್ದುವ ‘ಅಪ್‌ಡೇಟ್ ಆಲ್’ ಆ ನಿಯಮಗಳನ್ನು ಮುಟ್ಟದೆ ನೇರ ಟೇಬಲ್ಲಿಗೆ ಇಳಿಯುತ್ತದೆ. ‘ಡಿಸ್ಟ್ರಾಯ್’ ಹೇಳಿಕೇಳಿ ಅಳಿಸುತ್ತದೆ, ‘ಡಿಲೀಟ್’ ಹೇಳದೆ ಅಳಿಸುತ್ತದೆ. ಸದಸ್ಯ ಸೇವ್ ಆದ ಕೂಡಲೇ ಸ್ವಾಗತದ ಎಸ್‌ಎಂಎಸ್ ಹೋಗಲಿ ಎಂದು ಕ್ಲಾಸಿನೊಳಗೆ ಬರೆದಿಟ್ಟವರು, ಹಳೆಯ ಪಟ್ಟಿಯ 5,000 ಹೆಸರುಗಳನ್ನು ಒಂದು ರಾತ್ರಿ ಒಳಗೆ ತಂದರೆ ಬೆಳಗಾಗುವುದರೊಳಗೆ 5,000 ಎಸ್‌ಎಂಎಸ್ ಹೋಗಿರುತ್ತವೆ. ಶಾನುಭೋಗರಿಗೆ ಲೆಕ್ಕದ ಕೆಲಸ ಕೊಡಿ. ಡಂಗುರ ಸಾರುವ ಕೆಲಸಕ್ಕೆ ಬೇರೆಯವರನ್ನು ಇಡಿ.

ಈ ವಿಧಾನ ಎಲ್ಲ ಕಡೆಗೂ ಸಲ್ಲುತ್ತದೆ ಎಂದೇನಲ್ಲ. ಟೇಬಲ್ಲಿನ ಆಕಾರ ಒಂದು, ವ್ಯವಹಾರದ ಆಕಾರ ಇನ್ನೊಂದು ಆಗಿರುವ ಬ್ಯಾಂಕು, ವಿಮೆಯಂಥ ದೊಡ್ಡ ವ್ಯವಸ್ಥೆಗಳಲ್ಲಿ ಇವೆರಡನ್ನೂ ದೂರವಿಟ್ಟು ನಡುವೆ ದುಭಾಷಿಯನ್ನು ಕೂರಿಸುವ ‘ಡೇಟಾ ಮ್ಯಾಪರ್’ ಕ್ರಮವೂ ಫೌಲರನ ಪಟ್ಟಿಯಲ್ಲಿದೆ. ಜಾವಾದ ಹೈಬರ್ನೇಟ್ ಆ ಬಳಗದ್ದು. ತಿಂಗಳ ಲೆಕ್ಕ, ಜಿಲ್ಲಾವಾರು ಮೊತ್ತದಂಥ ವರದಿಗಳಿಗೆ ಲಕ್ಷ ಆಬ್ಜೆಕ್ಟುಗಳನ್ನು ಹುಟ್ಟಿಸಿ ಕೂಡಿಸುವುದು ದಂಡ. ಅದಕ್ಕೆ ನೇರ ಎಸ್‌ಕ್ಯೂಎಲ್ ಬರೆಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಆದ್ದರಿಂದ, ಗೆಳೆಯರೇ, ಮುಂದಿನ ಸೋಮವಾರ ಟೀಮ್ ಲೀಡ್ ಕುರ್ಚಿ ಎಳೆದುಕೊಂಡು ಬಂದಾಗ ಕ್ಲಾಸ್ ಬರೆಯಿರಿ. ನಿಯಮವನ್ನು ಅದರಲ್ಲಿ ಒಂದೇ ಕಡೆ ಇಡಿ. ಆದರೆ ಯುನೀಕ್ ಇಂಡೆಕ್ಸ್, ಫಾರಿನ್ ಕೀ, ಖಾಲಿ ಬಿಡಬಾರದ ಕಾಲಂ ಇವುಗಳ ಮೊಹರನ್ನು ಟೇಬಲ್ಲಿನ ಮೇಲೂ ಒತ್ತಿ. ಪಕ್ಕದ ಕಿಟಕಿಯಲ್ಲಿ ಲಾಗ್ ತೆರೆದಿಟ್ಟು, ನಿಮ್ಮ ಒಂದೊಂದು ಸಾಲು ಕೋಡಿಗೂ ಎಷ್ಟು ಕ್ವೆರಿ ಹೋಗುತ್ತಿವೆ ಎಂದು ಎಣಿಸಿ. ಊಟಕ್ಕೆ ಏಳುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ: ರಾಜ್‌ಕುಮಾರ್ ಎಂದು ಕಾಣದ ಅಕ್ಷರ ಸಮೇತ ಟೈಪ್ ಮಾಡಿ ಸೇವ್ ಕೊಡಿ, ಆಮೇಲೆ ಆ ಅಕ್ಷರ ಬಿಟ್ಟು ಹುಡುಕಿ. ಸಿಕ್ಕರೆ ಊಟಕ್ಕೆ ಹೋಗಿ. ಸಿಗದಿದ್ದರೆ ಸರಿಪಡಿಸಿ ಹೋಗಿ.

ಇಂತಿ,
ಈ ರಸ್ತೆಗೆ ನಿಮಗಿಂತ ಮೊದಲು ಬಂದ ಒಬ್ಬ ಕನ್ನಡಿಗ
ಚೆನ್ನೈ